ನಾರ್ಮಲ್ ಎಂದು ಒತ್ತಿದವಳು

ಹೂಡೆಯ ಕಿಟ್ಟಣ್ಣನ ಮಗಳು ಸ್ವರ್ಣಲತಾ ಡಿಪ್ಲೊಮಾ ಮುಗಿಸಿ ಸೇರಿದ್ದು ಕಾಪು ಸಮೀಪದ ಒಂದು ಮೀನಿನ ಕೋಲ್ಡ್ ಸ್ಟೋರೇಜಿಗೆ. ಕೆಲಸ ಕಂಟ್ರೋಲ್ ರೂಮಿನಲ್ಲಿ. ಅಮೋನಿಯಾ ಅನಿಲದಿಂದ ತಂಪು ಮಾಡುವ ಕಂಪ್ರೆಸರುಗಳು, ಪಂಪುಗಳು, ಶೀತಕೋಣೆಗಳು ಎಲ್ಲವೂ ಕಂಪ್ಯೂಟರಿನ ಪರದೆಯ ಮೇಲೆ ಕಾಣುತ್ತಿದ್ದವು. ಎದುರಿನ ಕಿಟಕಿಯಲ್ಲಿ ಮೀನು ಕತ್ತರಿಸುವ ಶೆಡ್ಡು.

ಎಲ್ಲೋ ಒಂದು ಕಾರ್ಖಾನೆಯ ಯಂತ್ರಗಳನ್ನು ಹೊರಗಿನವರು ನೆಟ್‌ವರ್ಕಿನ ಮೂಲಕ ಹಿಡಿತಕ್ಕೆ ತೆಗೆದುಕೊಂಡರೆಂಬ ಸುದ್ದಿ ಓದಿ ಧಣಿಗಳು ಹೆದರಿದ್ದರು. ಹಾಗಾಗಿ ಜೂನಿನಲ್ಲಿ, ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಬೋಟುಗಳೆಲ್ಲ ದಡದಲ್ಲಿದ್ದಾಗ, ಮಣಿಪಾಲದಿಂದ ಆಶ್ಲಿ ಎಂಬ ಎಂಜಿನಿಯರ್ ಹುಡುಗಿ ಬಂದು ಹೊಸದೊಂದು ಸಾಫ್ಟ್‌ವೇರ್ ಹಾಕಿದಳು. ಯಾವ ಯಂತ್ರ ಯಾವುದಕ್ಕೆ ಸಂದೇಶ ಕಳಿಸುತ್ತದೆ, ಎಷ್ಟು ಸಲ, ಎಂಥ ಆದೇಶ ಎಂಬುದನ್ನು ಅದು ತಾನಾಗಿಯೇ ಗಮನಿಸಿ ಕಲಿಯುತ್ತದೆ. ಕಲಿತದ್ದಕ್ಕಿಂತ ಬೇರೆಯಾದದ್ದು ಕಂಡರೆ ಸದ್ದು ಮಾಡುತ್ತದೆ.

"ಆದರೆ ಈಗ ಕಲಿತದ್ದು ಮಳೆಗಾಲದ ಲೆಕ್ಕ," ಎಂದಳು ಆಶ್ಲಿ. "ಸೀಸನ್ ಶುರುವಾದ ಮೇಲೆ ನಾನು ಬಂದು ಮತ್ತೊಮ್ಮೆ ಕಲಿಸಬೇಕು."

"ಬನ್ನಿ, ಬನ್ನಿ. ಮೊದಲು ಇದೊಂದು ನಡೆಯಲಿ," ಎಂದರು ಮ್ಯಾನೇಜರ್ ರೂಪೇಶ್. ಆಮೇಲೆ ಅವಳನ್ನು ಯಾರೂ ಕರೆಯಲಿಲ್ಲ.

ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಅಂಬವ್ವ, ಕರಿಬಸವ ದಂಪತಿ ಕೊಪ್ಪಳದ ಕಡೆಯವರು. ಅವನು ಲಾರಿಯಿಂದ ಮೀನು ಇಳಿಸುತ್ತಿದ್ದ, ಅವಳು ಕತ್ತರಿಸುತ್ತಿದ್ದಳು. ಚಹಾದ ಹೊತ್ತಿಗೆ ಅಂಬವ್ವ ಕಂಟ್ರೋಲ್ ರೂಮಿನ ಕಿಟಕಿಗೆ ಮೊಣಕೈ ಊರಿ ನಿಲ್ಲುವಳು.

"ಅಕ್ಕಾರ, ದಿನಾ ಅದರಾಗ ಏನ್ ನೋಡ್ತೀರಿ?"

ಸ್ವರ್ಣಲತಾ ತಿಳಿದಷ್ಟು ಹೇಳಿದಳು.

"ಅಂದ್ರ ಮನ್ಯಾಗ ಅತ್ತಿ ಕುಂತಂಗ್ರಿ! ಯಾರು ಯಾರ ಕೂಡ ಮಾತಾಡಿದ್ರು, ಇವತ್ತ್ಯಾಕ ಹೆಚ್ಚಿಗಿ ಮಾತಾಡಿದ್ರು, ಎಲ್ಲಾ ಬೇಕು."

ಸ್ವರ್ಣಲತಾ ಆ ದಿನವೆಲ್ಲ ಅದನ್ನು ನೆನೆದು ನಕ್ಕಳು. ಮರುದಿನದಿಂದ ಇಬ್ಬರೂ ಆ ಯಂತ್ರವನ್ನು ಅತ್ತೆ ಎಂದೇ ಕರೆಯತೊಡಗಿದರು.

ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದವು. ಲಾರಿಗಳು ಸಾಲುಗಟ್ಟಿದವು. ನಿಂತಿದ್ದ ಕಂಪ್ರೆಸರುಗಳೆಲ್ಲ ಒಟ್ಟಿಗೇ ಓಡತೊಡಗಿದಾಗ ಪರದೆ ಕೆಂಪಾಯಿತು. ಮಳೆಗಾಲದಲ್ಲಿ ಕಂಡಿರದ ಪ್ರತಿಯೊಂದು ಸಂದೇಶಕ್ಕೂ ಅದು ಕೂಗುತ್ತಿತ್ತು. ಮೊದಲೆರಡು ದಿನ ಸ್ವರ್ಣಲತಾ ಪ್ರತಿ ಸದ್ದಿಗೂ ಎದ್ದು ಓಡಿದಳು. ಎಲ್ಲಿ ನೋಡಿದರೂ ಎಲ್ಲವೂ ಸರಿಯೇ ಇತ್ತು.

ರೂಪೇಶ್ ಒಳಗೆ ಬಂದು ಕಿವಿ ಮುಚ್ಚಿಕೊಂಡರು. "ಎಂತ ಇದು ಮಾರಾಯ್ತಿ, ಫೋನಿನಲ್ಲಿ ಮಾತಾಡಲಿಕ್ಕೂ ಬಿಡುವುದಿಲ್ಲ ಅಲ್ವಾ? ಅಲ್ಲಿ 'ನಾರ್ಮಲ್' ಅಂತ ಒಂದು ಬಟನ್ ಉಂಟಲ್ಲ, ಅದನ್ನು ಒತ್ತು."

"ಒತ್ತಿದರೆ ಅದು ಹಾಗೇ ಕಲಿಯುತ್ತದೆ ಸರ್. ಆಮೇಲೆ ಅಂಥದ್ದು ಬಂದರೆ ಹೇಳುವುದಿಲ್ಲ."

"ಕಲಿಯಲಿ. ಒಳ್ಳೆಯದೇ ಆಯಿತಲ್ಲ!"

ಅವಳು ಒತ್ತಿದಳು. ಕಂಪ್ರೆಸರ್ ದುರಸ್ತಿಯ ಗುತ್ತಿಗೆ ಹಿಡಿದ ಕಂಪನಿಯವರು ದೂರದ ಊರಿನಲ್ಲಿ ಕೂತೇ ಇಲ್ಲಿನ ನಿಯಂತ್ರಣದೊಳಗೆ ಬರುತ್ತಿದ್ದರು. ಅದಕ್ಕೂ ಸದ್ದು, ಅದಕ್ಕೂ 'ನಾರ್ಮಲ್'. ಅವರು ಒಳಬಂದು ಯಾವುದೋ ಅಂಕಿ ಬದಲಿಸಿದಾಗ ಇನ್ನೊಂದು ಬಗೆಯ ಸದ್ದು. ಅದಕ್ಕೂ ಒತ್ತಿದಳು. ಮೊದಮೊದಲು ಓದಿ ಒತ್ತುತ್ತಿದ್ದಳು. ಬರಬರುತ್ತ ಬೆರಳು ಓದುವುದಕ್ಕೆ ಕಾಯಲಿಲ್ಲ. ಸೆಪ್ಟೆಂಬರಿಗೆ ಪರದೆ ಹಸಿರಾಗಿ, ಕೋಣೆ ಶಾಂತವಾಯಿತು. ಅವಳಿಗೂ ಹಾಯೆನಿಸಿತು.

"ಅತ್ತಿ ಸುಮ್ಮನಾಗ್ಯಾಳಲ್ರೀ ಅಕ್ಕಾರ," ಎಂದಳು ಅಂಬವ್ವ.

"ಬುದ್ಧಿ ಬಂತು ಅವಳಿಗೆ," ಎಂದಳು ಸ್ವರ್ಣಲತಾ.

ಅಕ್ಟೋಬರಿನಲ್ಲಿ ಬಂಗುಡೆ ಮೀನು ವಿಪರೀತ ಸಿಕ್ಕಿತು. ಶೀತಕೋಣೆಗಳು ತುಂಬಿ, ಕಂಪ್ರೆಸರಿನಲ್ಲಿ ಒತ್ತಡ ಏರಿದಾಗಲೆಲ್ಲ ಅದು ತಾನಾಗಿಯೇ ನಿಂತುಬಿಡುತ್ತಿತ್ತು. ಒತ್ತಡ ಒಂದು ಮಿತಿ ದಾಟಿದರೆ ನಿಲ್ಲಬೇಕೆಂದೇ ಅದನ್ನು ಹಾಗೆ ಹೊಂದಿಸಿದ್ದರು. ಮೀನು ಹಾಳಾಗುತ್ತಿದೆಯೆಂದು ರೂಪೇಶ್ ದುರಸ್ತಿಯವರಿಗೆ ಫೋನು ಮಾಡಿದರು. ಅಲ್ಲಿಂದ ಯಾರೋ ಒಳಬಂದು ಆ ಮಿತಿಯನ್ನೇ ಮೇಲೇರಿಸಿದರು. ಯಂತ್ರಗಳ ನಡುವೆ ಅಂಥದೊಂದು ಆದೇಶ ಹಾದುಹೋದದ್ದನ್ನು ಪರದೆ ಸ್ವರ್ಣಲತಾಗೆ ಹೇಳಲಿಲ್ಲ. ಅಂಥದ್ದೆಲ್ಲ ಸಹಜವೆಂದು ಅದು ಕಲಿತಾಗಿತ್ತು.

ಅದೇ ದಿನ ಮಧ್ಯಾಹ್ನ ಊಟದ ಹೊತ್ತು. ಹೆಚ್ಚಿನವರು ಹೊರಗಿದ್ದರು. ಶೆಡ್ಡಿನ ಹಿಂದಿನ ಓಣಿಯಲ್ಲಿ ಅಮೋನಿಯಾ ಪೈಪಿನ ಕೆಳಗೇ ನಲ್ಲಿ. ಅಂಬವ್ವ ಅಲ್ಲಿ ಕೈ ತೊಳೆಯುತ್ತಿದ್ದಳು. ಪೈಪಿನ ಹಳೆಯ ಜೋಡಣೆಯೊಂದು ಒತ್ತಡ ತಾಳದೆ ಒಡೆದು ವಿಷಾನಿಲ ಹೊರನುಗ್ಗಿತು.

ಸ್ವರ್ಣಲತಾ ಕಂಡದ್ದು ಕಿಟಕಿಯಾಚೆ ಎದ್ದ ಬಿಳಿ ಹೊಗೆ. ತುರ್ತು ಗುಂಡಿ ಒತ್ತಿ ಎಲ್ಲ ನಿಲ್ಲಿಸಿ, ದುಪಟ್ಟಾ ಒದ್ದೆ ಮಾಡಿ ಮುಖಕ್ಕೆ ಕಟ್ಟಿ ಓಡಿದಳು. ಓಣಿಯ ಬಾಯಿಗೆ ಬರುವಷ್ಟರಲ್ಲಿ ಕಣ್ಣು ಬಿಡಲಾಗಲಿಲ್ಲ. ಒಳಗೆ ಅಂಬವ್ವ ಕೆಮ್ಮುವುದು ಕೇಳುತ್ತಿತ್ತು. ಸ್ವಲ್ಪದರಲ್ಲಿ ಅದೂ ಕೇಳಿಸಲಿಲ್ಲ. ಕರಿಬಸವ ಸ್ವರ್ಣಲತಾಳನ್ನು ಬದಿಗೆ ತಳ್ಳಿ ಒಳನುಗ್ಗಿ ಹೆಂಡತಿಯನ್ನು ಎಳೆದು ತಂದ. ಆಂಬುಲೆನ್ಸು ಮಣಿಪಾಲ ಮುಟ್ಟುವ ಮೊದಲೇ ಅಂಬವ್ವನ ಉಸಿರು ನಿಂತಿತ್ತು.

ವಿಚಾರಣೆಗೆ ಅಧಿಕಾರಿಗಳು ಬಂದರು. ಆಶ್ಲಿಯನ್ನೂ ಕರೆಸಿದ್ದರು. ಯಂತ್ರ ಯಾಕೆ ಎಚ್ಚರಿಸಲಿಲ್ಲ ಎಂದು ಕೇಳಿದಾಗ ಅವಳು ಉತ್ತರಿಸುವ ಮೊದಲೇ ಸ್ವರ್ಣಲತಾ ಎದ್ದು ನಿಂತಳು.

"ಅದು ಎಚ್ಚರಿಸುತ್ತಿತ್ತು ಸರ್. ಎಚ್ಚರಿಸಬಾರದು ಅಂತ ಕಲಿಸಿದ್ದು ನಾನು."

"ಹಾಗೆ ಮಾಡಲಿಕ್ಕೆ ಯಾರು ಹೇಳಿದ್ದು?"

ರೂಪೇಶ್ ಮೇಜು ನೋಡುತ್ತಿದ್ದರು.

"ಮೊದಲನೆಯ ಸಲ ಮ್ಯಾನೇಜರ್ ಹೇಳಿದ್ದು. ಆಮೇಲೆ ಯಾರೂ ಹೇಳಬೇಕಾಗಿ ಬರಲಿಲ್ಲ."

ವರದಿಯಲ್ಲಿ ಅವಳ ಮಾತಿನ ಅರ್ಧ ಮಾತ್ರ ಉಳಿಯಿತು. ಆಪರೇಟರಿನ ನಿರ್ಲಕ್ಷ್ಯ ಎಂದು ಬರೆದರು. ಅವಳ ಕೆಲಸ ಹೋಯಿತು. ರೂಪೇಶರಿಗೆ ವರ್ಗವಾಯಿತು. ಮಿತಿ ಏರಿಸಿದವನು ಯಾರೆಂದು ಕಡೆಗೂ ಗೊತ್ತಾಗಲಿಲ್ಲ. ದೀಪಾವಳಿ ಕಳೆದು ಕೋಲ್ಡ್ ಸ್ಟೋರೇಜು ಮತ್ತೆ ತೆರೆಯಿತು.

"ನೀನು ಬಾಯಿ ಮುಚ್ಚಿ ಕೂತಿದ್ದರೆ ಸಾಕಿತ್ತು ಮಗಾ," ಎಂದು ಅಮ್ಮ ತುಳುವಿನಲ್ಲಿ ಬೈದು ಅತ್ತಳು. ಸ್ವರ್ಣಲತಾ ಕೆಲವು ವಾರ ಮನೆಯಿಂದ ಹೊರಗೆ ಬರಲಿಲ್ಲ. ಆಮೇಲೆ ಕಟಪಾಡಿಯ ಒಂದು ಮೊಬೈಲ್ ರಿಪೇರಿ ಅಂಗಡಿ ಸೇರಿದಳು.

ಜನವರಿಯ ಒಂದು ಬೆಳಿಗ್ಗೆ ಬಸ್ಸಿಳಿದಾಗ ಜಂಕ್ಷನ್ನಿನಲ್ಲಿ ಕರಿಬಸವ ನಿಂತಿದ್ದ. ತಪ್ಪಿಸಿಕೊಂಡು ಹೋಗಲು ನೋಡಿದಳು. ಅವನೇ ಕರೆದ.

"ಅಕ್ಕಾರ, ಒಂದ್ ಮಾತು ಕೇಳ್ಬೇಕಾಗಿತ್ರಿ. ಆ ಬಟನ್ ನೀವು ಒತ್ತದಿದ್ರ ಆಕಿ ಉಳೀತಿದ್ಲೇನು?"

ಇಲ್ಲ ಎನ್ನಬಹುದಿತ್ತು. ಪೈಪು ಹಳೆಯದಿತ್ತು, ಮಿತಿ ಏರಿಸಿದವರು ಬೇರೆಯವರು ಎನ್ನಬಹುದಿತ್ತು.

"ಸದ್ದು ಬಂದಿದ್ದರೆ ನಾನು ಎದ್ದು ನೋಡುತ್ತಿದ್ದೆ ಕರಿಬಸವಣ್ಣ. ಆಗ ಉಳಿಯುತ್ತಿದ್ದಳೋ ಏನೋ."

ಬೈಯುತ್ತಾನೆಂದು ಅವಳು ಕಾದಳು. ಬೈದಿದ್ದರೆ ಚೆನ್ನಾಗಿತ್ತು.

"ನಾ ಇನ್ನೂ ಅಲ್ಲೇ ಅದೀನ್ರಿ," ಎಂದ ಅವನು. "ಅದ ಓಣ್ಯಾಗ ಕೈ ತೊಳ್ಕೋತೀನಿ. ನಿಮ್ಮ ಜಾಗಕ್ಕ ತೃಪ್ತಿ ಅಂತ ಹುಡುಗಿ ಬಂದಾಳ. ಸದ್ದಾದಾಗೊಮ್ಮೆ ಹೊರಗ ಓಡಿ ಬರ್ತಾಳ. ಎಲ್ಲಾರೂ ನಗ್ತಾರ."

ಕಾಪು ಕಡೆಯ ಬಸ್ಸು ಬಂತು. ಅವನು ಹಿಂದಿನ ಬಾಗಿಲಿಂದ ಹತ್ತಿದ. ಸ್ವರ್ಣಲತಾ ಅಂಗಡಿಯ ಶಟರ್ ಎತ್ತಲು ಹೋದಳು. ಬೀಗ ತೆಗೆಯುವ ಮೊದಲು ತಿರುಗಿ, ಬಸ್ಸು ಹೋದ ದಾರಿಯನ್ನೊಮ್ಮೆ ನೋಡಿದಳು.