ಮೀನು ತಿನ್ನದ ಮನೆಯ ಸ್ಕಿಮ್ಮರ್

ನಮ್ಮ ಮನೆಯಲ್ಲಿ ಮಿಕ್ಸರ್‌ಗೆ ಯಾರೂ ಹೊತ್ತು ಗೊತ್ತು ಮಾಡಿಲ್ಲ. ಭಾವನವರ ಟಿವಿ ಮುಂಜಾನೆ ಎದ್ದಾಗಿನಿಂದ ಒದರುತ್ತಲೇ ಇರುತ್ತದೆ. ಬೋರಿನ ಮೋಟರು ಗುಂಯ್ ಎಂದರೆ ಓಣಿಯ ಆ ತುದಿಗೂ ಕೇಳುತ್ತದೆ. ಅವಕ್ಕೆಲ್ಲ ಯಾರ ಹಂಗೂ ಇಲ್ಲ. ಇಷ್ಟು ತಾಸು ನಡೆ, ಇಷ್ಟು ತಾಸು ಸುಮ್ಮನಿರು ಎಂದು ಪಾರ್ಟ್‌ಟೈಮ್ ನೌಕರಿಗೆ ಹಚ್ಚಿದ್ದು ನನ್ನ ಸ್ಕಿಮ್ಮರ್ ಒಂದನ್ನೇ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಾನು ಹುಕ್ಕೇರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಗೋಕಾಕದಲ್ಲಿ. ಮುಂಜಾನೆ ಬಸ್ಸು ಹತ್ತಿದರೆ ತಿರುಗಿ ಮನೆ ಮುಟ್ಟುವುದು ಸಂಜೆಗೇ. ಬೆಳಗಾವಿಯ ಒಂದು ಹೋಟೆಲಿನವರು ಕಟ್ಟಡ ರಿಪೇರಿಗೆಂದು ತಮ್ಮ ಸಮುದ್ರ ಮೀನಿನ ತೊಟ್ಟಿಯನ್ನು ತೆಗೆದುಹಾಕುವವರಿದ್ದರು. ಸುದ್ದಿ ಕೇಳಿ ನಾನೇ ಹೋಗಿ ಅದನ್ನು ತಂದು ನಮ್ಮ ಮನೆಯ ಹಾಲ್‌ನಲ್ಲಿ ಇಟ್ಟೆ. ಗಾಜಿನ ತೊಟ್ಟಿ, ಅದರ ಕೆಳಗೊಂದು ಕಪಾಟು, ನೀರಿನಲ್ಲಿ ಎರಡು ಕಿತ್ತಳೆ ಬಣ್ಣದ ಮೀನು, ಮೈಮೇಲೆ ಬಿಳಿ ಪಟ್ಟೆ. ದೊಡ್ಡದು ಹೆಣ್ಣು, ಸಣ್ಣದು ಗಂಡು. ಹೆಣ್ಣು ಹೋದಲ್ಲೆಲ್ಲ ಗಂಡು ಅದರ ಬೆನ್ನು ಬಿಡದೆ ಓಡಾಡುತ್ತಿತ್ತು. ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಮನೆಯಲ್ಲಿ ‘ಇದು ನನ್ನದು’ ಎಂದು ನಾನು ತಂದಿಟ್ಟುಕೊಂಡದ್ದು ಅವೆರಡನ್ನೇ.

ಸ್ಕಿಮ್ಮರ್ ಎಂದರೆ ಏನೂ ದೊಡ್ಡದಲ್ಲ. ಕಪಾಟಿನೊಳಗೆ ನಿಂತಿರುವ ದಪ್ಪ ಕೊಳವೆ. ನೀರಿಗೆ ಗಾಳಿ ಬೆರೆಸಿ ಸಣ್ಣ ಸಣ್ಣ ಗುಳ್ಳೆ ಎಬ್ಬಿಸುತ್ತದೆ. ನೀರಿನ ಹೊಲಸೆಲ್ಲ ಆ ಗುಳ್ಳೆಗೆ ಅಂಟಿಕೊಂಡು ನೊರೆಯಾಗಿ ಮೇಲೇರಿ, ಕೊಳವೆಯ ತಲೆಯ ಮೇಲಿನ ಪ್ಲಾಸ್ಟಿಕ್ ಕಪ್ಪಿನಲ್ಲಿ ಚಹಾದ ಬಣ್ಣದ ಗಲೀಜಾಗಿ ಕೂಡುತ್ತದೆ. ಅದು ನಾರುತ್ತದೆ. ಸುಳ್ಳು ಯಾಕೆ ಹೇಳಲಿ, ಕೆಟ್ಟದಾಗಿ ನಾರುತ್ತದೆ. ನಾರುವುದನ್ನು ನೀರಿನಿಂದ ಹೊರಗೆ ತೆಗೆಯುವುದೇ ಅದರ ಕೆಲಸ.

ಒಂದು ಸಂಜೆ ಹಿತ್ತಲಿನಲ್ಲಿ ಆ ಕಪ್ಪು ತೊಳೆಯುತ್ತಿದ್ದೆ. ಬಾಜೂ ಮನೆಯ ಕಾಕು ಗೋಡೆಯ ಮೇಲಿಂದ ಇಣುಕಿ, ಮೂಗಿಗೆ ಸೆರಗು ಹಿಡಿದು, “ಟೀಚರ, ಏನ್ ಅಡಿಗಿ ಮಾಡೀರಿ ಇವತ್ತ?” ಎಂದರು. ನಾನು ತೊಟ್ಟಿ, ಗುಳ್ಳೆ, ನೊರೆ ಎಂದು ಸಾಲಿಯ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದೆ. “ಹೌದೇನ್ರಿ,” ಎಂದು ರಾಗ ಎಳೆದು ಒಳಗೆ ಹೋದರು. ಆ ವಾರ ಮುಗಿಯುವುದರೊಳಗೆ ಮೂಡಲಗಿಯ ತವರಿನಿಂದ ನಮ್ಮವ್ವನ ಫೋನು ಬಂತು.

“ನಿಮ್ಮ ಮನ್ಯಾಗ ಮೀನ ಕುದಸಾಕತ್ತಾರಂತ, ಖರೇ ಏನ? ಕೊಳ್ಳಾಗ ಲಿಂಗ ಕಟ್ಟಿಕೊಂಡ ಮಂದಿ!”

“ಅವ್ವಾ, ಅವು ಜೀವಂತ ಅದಾವು. ನೀರಾಗ ಈಜ್ತಾವು.”

“ಹಂಗಾರ ನಾತ ಯಾಕ ಬರ್ತೈತಿ?”

ಅಲ್ಲಾ, ಈ ಸುದ್ದಿ ಗೋಕಾಕದಿಂದ ಮೂಡಲಗಿಗೆ ಯಾವ ಬಸ್ಸು ಹತ್ತಿ ಹೋಯಿತು? ಮೀನು ತಿನ್ನುವವರು ತಿನ್ನಲಿ, ಅದೇನು ಕಳವಲ್ಲ. ಆದರೆ ತಿನ್ನದವರ ತಲೆಗೆ ಕಟ್ಟುವುದು ಯಾವ ನ್ಯಾಯ?

ಭಾವನವರು ನನ್ನ ಗಂಡನ ಅಣ್ಣ, ಮನೆಯ ಹಿರಿಯರು. ಬೆಲ್ಲದ ಬಾಗೇವಾಡಿಯ ಹತ್ತಿರ ಗಾಣ ನಡೆಸುತ್ತಾರೆ, ಬೆಲ್ಲ ಮಾಡಿಸುತ್ತಾರೆ. ಊಟಕ್ಕೆ ಕುಳಿತವರು ತಟ್ಟೆ ನೋಡುತ್ತಲೇ ತೀರ್ಪು ಕೊಟ್ಟರು. “ಆ ಮಷೀನ ಹಗಲ ಬಂದ್ ಇರ್ಲಿ. ಮಂದಿ ಬರ್ತಾರ, ಹೋಗ್ತಾರ. ಸಂಜಿಗೆ ನೀ ಬಂದ ಮ್ಯಾಲ ಹಚ್ಚವಾ.”

“ಕೊಪ್ಪರಿಗ್ಯಾಗ ಬೆಲ್ಲ ಕುದಿಯುವಾಗ ಮ್ಯಾಲಿನ ಹೊಲಸ ತಗಿಸ್ತೀರಲ್ರಿ, ಅದನ್ನ ಅರ್ಧಾ ದಿವಸ ತಗಿಸಿ ಅರ್ಧಾ ದಿವಸ ಬಿಡ್ರಿ ನೋಡೂಣು,” ಎಂದೆ.

“ಬೆಲ್ಲಾ ತಿಂತಾರವಾ,” ಎಂದರು. ನನ್ನ ಗಂಡ ರೊಟ್ಟಿ ಮುರಿಯುತ್ತ, “ಅಣ್ಣಾ ಹೇಳಿದ್ದ ಖರೆ ಐತಿ,” ಎಂದ. ಅವನಿಗೆ ಅಣ್ಣ ಹೇಳಿದ್ದು ಯಾವಾಗಲೂ ಖರೆಯೇ.

ಎರಡೇ ಮೀನಿರುವ ತೊಟ್ಟಿಯಲ್ಲಿ ಸ್ಕಿಮ್ಮರ್ ಕೆಲವು ತಾಸು ನಿಂತರೆ ಆಕಾಶ ಕಳಚಿ ಬೀಳುವುದಿಲ್ಲ. ಪಂಪು ನಡೆದು ನೀರು ತಿರುಗುತ್ತಿದ್ದರೆ ಆಯಿತು. ಅದು ನನಗೂ ಗೊತ್ತು. ನನ್ನ ಸಿಟ್ಟು ಬೇರೆ. ನಿಂತು ಹೊರಟ ಸ್ಕಿಮ್ಮರ್ ಹದಕ್ಕೆ ಬರುವತನಕ ಹುಚ್ಚೆದ್ದು ನೊರೆ ಉಗುಳುತ್ತದೆ. ದಿನಾ ಸಂಜೆ ಸ್ವಿಚ್ ಒತ್ತಿದ ಕೂಡಲೇ ಕಪ್ಪು ತುಂಬಿ, ಉಕ್ಕಿ, ಕಪಾಟಿನಿಂದ ಹಾಲಿನ ಫರಸಿಗೆ ಹರಿಯತೊಡಗಿತು. ಮೊದಲು ಹಿತ್ತಲಿನಲ್ಲಷ್ಟೇ ಇದ್ದ ನಾತ ಹಾಲಿಗೆ ಬಂತು. ಬಂದ್ ಮಾಡಿಸಿದವರೇ ಮೂಗು ಮುಚ್ಚಿಕೊಂಡು, “ನೋಡ್ರಿ, ನಾ ಹೇಳಲಿಲ್ಲಾ?” ಎನ್ನುತ್ತಿದ್ದರು. ಇವರು ಉಕ್ಕಿಸಿದ ಹೊಲಸನ್ನು ಸಾಲಿಯಿಂದ ದಣಿದು ಬಂದು ನಾನು ಒರೆಸಬೇಕಿತ್ತು.

ಹೀಗಿರುವಾಗ ನಮ್ಮ ಮನೆತನದ ಮಠದ ಸ್ವಾಮಿಗಳನ್ನು, ಅಂದರೆ ಅಜ್ಜಾರನ್ನು, ಪಾದಪೂಜೆಗೆ ಕರೆಯುವುದೆಂದಾಯಿತು. ಹೆಸರು ಕೆಟ್ಟಿದೆ, ಅಜ್ಜಾರು ಮನೆಗೆ ಬಂದು ಪ್ರಸಾದ ಮಾಡಿ ಹೋದರೆ ಮಂದಿಯ ಬಾಯಿ ಮುಚ್ಚುತ್ತದೆ ಎಂಬುದು ಭಾವನವರ ಲೆಕ್ಕ. ಆ ಶನಿವಾರ ನನಗೆ ರಜೆ ಸಿಗಲಿಲ್ಲ, ಪರೀಕ್ಷೆ ಇತ್ತು. ಹೊರಡುವಾಗ ಹೇಳಿದೆ: “ಸ್ಕಿಮ್ಮರ್ ಬೇಕಾದ್ರ ಬಂದ್ ಇಡ್ರಿ. ಪಂಪಿಗೆ ಕೈ ಹಚ್ಚಬ್ಯಾಡ್ರಿ. ಅದು ಬಂದ್ ಆದ್ರ ಮೀನಿಗೆ ಉಸರಿಲ್ಲ.”

“ಹೂಂ, ಹೂಂ,” ಎಂದರು.

ಶನಿವಾರದ ಅರ್ಧ ದಿನದ ಸಾಲಿ ಮುಗಿಸಿ ಮಧ್ಯಾಹ್ನ ಬಂದು ಹಾಲಿನೊಳಗೆ ಕಾಲಿಟ್ಟರೆ ನನ್ನ ತೊಟ್ಟಿಯೇ ಕಾಣಲಿಲ್ಲ. ಅದರ ಮೇಲೆ ಚಾದರ, ಚಾದರದ ಮೇಲೆ ಜಮಖಾನೆ, ಜಮಖಾನೆಯ ಮೇಲೆ ಹೂವಿನ ತಟ್ಟೆ. ಬಿರುಬಿಸಿಲಿನ ದಿನ ಕಿಟಕಿಗಳನ್ನೆಲ್ಲ ಮುಚ್ಚಿ, ಕಣ್ಣುರಿಯುವಷ್ಟು ಲೋಬಾನದ ಹೊಗೆ ಹಾಕಿದ್ದರು. ಗೋಡೆಯ ಬೋರ್ಡು ನೋಡಿದೆ. ಸ್ಕಿಮ್ಮರ್ ಅಲ್ಲ, ಪಂಪು ಅಲ್ಲ, ಬೋರ್ಡಿಗೆ ಬೋರ್ಡೇ ಬಂದ್! ಮುಂಜಾನೆಯಿಂದ ಬಂದ್ ಎಂದು ಆಮೇಲೆ ಗೊತ್ತಾಯಿತು. ಕುರ್ಚಿಯ ಮೇಲೆ ಅಜ್ಜಾರು, ಕೆಳಗೆ ಅತ್ತೆ ಅವರ ಪಾದಕ್ಕೆ ನೀರು ಹಾಕುತ್ತಿದ್ದರು, ಸುತ್ತ ಓಣಿಯ ಮಂದಿ, ಅವರ ನಡುವೆ ಬಾಜೂ ಮನೆಯ ಕಾಕು.

ನಾನು ಚಪ್ಪಲಿ ಬಿಟ್ಟವಳೇ ಮಂದಿಯ ನಡುವೆ ದಾರಿ ಮಾಡಿಕೊಂಡು ಹೋಗಿ ಜಮಖಾನೆಗೆ ಕೈ ಹಾಕಿದೆ. ಭಾವನವರು ಇನ್ನೊಂದು ತುದಿ ಹಿಡಿದರು. “ಆಮ್ಯಾಲವಾ, ಆಮ್ಯಾಲ,” ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದರು.

ಅಷ್ಟರಲ್ಲಿ ಅಜ್ಜಾರು ನನ್ನ ಕಡೆ ತಿರುಗಿದರು. “ಟೀಚರ ನೀನ ಏನವಾ? ಸಮುದ್ರದ ಮೀನ ಸಾಕೀರಂತ ಕೇಳೇನಿ. ಎಲ್ಲಿ ಅದಾವು? ನಾ ಇನ್ನೂ ಸಮುದ್ರ ನೋಡಿಲ್ಲ, ಮೀನರ ನೋಡೂಣಂತ ಬಂದೇನಿ.”

“ಅವು ಮಲಗ್ಯಾವ್ರಿ ಅಜ್ಜಾರ,” ಎಂದರು ಭಾವನವರು.

ನಾನು ಜಗ್ಗಿದೆ. ಹೂವಿನ ತಟ್ಟೆ ಠಣ್ಣೆಂದು ಫರಸಿಗೆ ಬಿತ್ತು. ಹೆಣ್ಣು ಮೀನು ಮರಳಿನ ಮೇಲೆ ಅಡ್ಡ ಬಿದ್ದಿತ್ತು. ಗಂಡು ಅದರ ಹತ್ತಿರವೇ ನಿಂತು ಬಾಯಿ ತೆರೆಯುತ್ತ ಮುಚ್ಚುತ್ತ ಉಸಿರಿಗೆ ಒದ್ದಾಡುತ್ತಿತ್ತು. ನಾನು ಬೋರ್ಡಿನ ಸ್ವಿಚ್ಚುಗಳನ್ನೆಲ್ಲ ಒತ್ತಿದೆ. ನೀರು ಅಲುಗಿ ಗಂಡು ಮೀನು ಸ್ವಲ್ಪ ಮೇಲಕ್ಕೆದ್ದಿತು. ಹೆಣ್ಣು ನೀರಿನ ಸೆಳೆತಕ್ಕೆ ಹೊರಳಿತು, ಏಳಲಿಲ್ಲ. ಸ್ಕಿಮ್ಮರ್ ಉಕ್ಕಿತು. ಲೋಬಾನದ ಹೊಗೆಯನ್ನೂ ಮೀರಿ ಆ ನಾತ ಹಾಲಿನ ತುಂಬ ಹರಡಿತು. ಕಾಕು ಸೆರಗನ್ನು ಮೂಗಿಗೆ ಒಯ್ದರು.

ಅಜ್ಜಾರು ಕುರ್ಚಿಯಿಂದೆದ್ದು ಹಸಿ ಪಾದದಲ್ಲೇ ತೊಟ್ಟಿಯ ಹತ್ತಿರ ಬಂದು ಬಗ್ಗಿ ನೋಡಿದರು. “ಅಯ್ಯ, ಏನಾತ ಇದಕ್ಕ?”

ಭಾವನವರು ಕೈ ಮುಗಿದರು. “ವಾಸನಿ ಬರ್ತಿತ್ರಿ. ಮಷೀನ ಬಂದ್ ಮಾಡಿದ್ವಿ. ಮಂದಿ ಎಲ್ಲೆ ನಾವು ಮೀನ ತಿಂತೀವಂತ ತಿಳಕೊಂತಾರಂತ...”

“ತಿನ್ನೂದಿಲ್ರಿ ಅಜ್ಜಾರ,” ಎಂದೆ. ಕಾಕುವಿಗೂ ಕೇಳಲಿ, ಓಣಿಗೆಲ್ಲ ಕೇಳಲಿ ಎಂದು ದನಿ ಎತ್ತಿಯೇ ಹೇಳಿದೆ. “ನಮ್ಮ ಮನ್ಯಾಗ ಯಾರೂ ಮೀನ ತಿನ್ನೂದಿಲ್ಲ. ಬರೇ ಕೊಲ್ತೀವಿ.”