ಅಪ್ಪ ಕೊಟ್ಟ ಕಿರೀಟ

ನಾನು ಚಿಕ್ಕವನಿದ್ದಾಗ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅದನ್ನು ನೋಡಿಯೇ ಅಕ್ಕ ನನ್ನನ್ನು ತನ್ನ ನಾಟಕಕ್ಕೆ ಸೇರಿಸಿಕೊಂಡಳು. ನೂರಾರು ವರ್ಷಗಳ ಹಿಂದೆ ಪರದೇಶದ ದೊರೆಯೊಬ್ಬ ಬಂದು, ರೈತರು ಬೆಳೆದ ಜೋಳವನ್ನೆಲ್ಲ ಹೊತ್ತುಕೊಂಡು ಹೋಗುತ್ತಿದ್ದನಂತೆ. ಕಡೆಗೊಂದು ದಿನ ರೈತರು ಕುಡಗೋಲು ಹಿಡಿದು ತಿರುಗಿಬಿದ್ದರಂತೆ. ಅದೇ ನಾಟಕದ ಕಥೆ. ಅಕ್ಕ ರೈತರ ಮುಖಂಡಳು. ಕೊನೆಗೆ ದೊರೆಯ ಕಿರೀಟ ಕಿತ್ತುಕೊಳ್ಳುವ ಕೆಲಸ ನನ್ನದು. ವಾರವೆಲ್ಲ ನನಗೆ ಅದೇ ಕನಸು.

ದೊರೆಯಾಗಲು ಮಾತ್ರ ಓಣಿಯ ಯಾವ ಹುಡುಗನೂ ಒಪ್ಪಲಿಲ್ಲ. ಎಲ್ಲರಿಗೂ ಗೆಲ್ಲುವ ರೈತರೇ ಆಗಬೇಕು! ಕಡೆಗೆ ಅಪ್ಪನೇ ಒಪ್ಪಿಕೊಂಡರು. ಇರುವೆ ಸಾಲನ್ನೂ ಸುತ್ತಿ ಬಳಸಿ ಹೋಗುವ ಮನುಷ್ಯ ಅವರು.

ಸಂಜೆ ಬೆಂಗೇರಿಯ ನಮ್ಮ ಮನೆಯ ಕಟ್ಟೆಯೇ ರಂಗಸ್ಥಳವಾಯಿತು. ಗಾಳಿಯಲ್ಲಿ ಎರೆಮಣ್ಣಿನ ಧೂಳು, ಬೆಳ್ಳುಳ್ಳಿ ಒಗ್ಗರಣೆಯ ಘಮ. ಮೂಲೆಯ ಮನೆಯಲ್ಲಿ ಇನ್ನೂ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಅಪ್ಪ ಸೆಕೆಯಲ್ಲೂ ಉಣ್ಣೆಯ ಶಾಲು ಹೊದ್ದು, ರಟ್ಟಿಗೆ ಬೇಗಡೆ ಅಂಟಿಸಿದ ಕಿರೀಟ ಇಟ್ಟುಕೊಂಡು ಕುರ್ಚಿಯ ಮುಂದೆ ನಿಂತಿದ್ದರು.

ನಾವು ಕೂಗುತ್ತ ಕಟ್ಟೆ ಹತ್ತಿದೆವು. ನುಗ್ಗುವ ಭರದಲ್ಲಿ ಅಕ್ಕನ ಕಾಲು ಅಪ್ಪನ ಕಾಲಿಗೆ ತಾಗಿತು. ಅಷ್ಟೇ! ಅವಳು ತಟ್ಟನೆ ಬಗ್ಗಿ ಅಪ್ಪನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಹಿರಿಯರಿಗೆ ಕಾಲು ತಾಗಿದರೆ ಹಾಗೆ ಮಾಡುವುದು ನಮಗೆಲ್ಲ ರೂಢಿ. ಮುಖಂಡಳೇ ಬಗ್ಗಿದ್ದನ್ನು ಕಂಡು, ನಾಟಕ ಇರುವುದೇ ಹೀಗೆ ಎಂದುಕೊಂಡ ಉಳಿದ ರೈತರೂ ಕುಡಗೋಲು ಕೆಳಗಿಟ್ಟು ಒಬ್ಬೊಬ್ಬರಾಗಿ ನಮಸ್ಕಾರ ಮಾಡಿದರು. ದೊರೆಯೋ ಕೈಯೆತ್ತಿ, "ಛಲೋ ಆಗ್ಲಿ, ಶಾಣ್ಯಾರಾಗ್ರಿ" ಎಂದು ಹರಸಿಯೇಬಿಟ್ಟ! ನೋಡಲು ಸೇರಿದ್ದ ಓಣಿಯ ಜನ ಬಿದ್ದು ಬಿದ್ದು ನಕ್ಕರು.

ನನಗೆ ಮೈಯೆಲ್ಲ ಉರಿಯಿತು. ನಾನೊಬ್ಬನೇ ಬಗ್ಗದೆ ನಿಂತಿದ್ದೆ. ಕಿರೀಟಕ್ಕೆ ಕೈ ಹಾಕಲು ಜಿಗಿದೆ, ನಿಲುಕಲಿಲ್ಲ. ಮತ್ತೆ ಜಿಗಿದೆ. ಅಪ್ಪನಿಗೆ ಕನಿಕರ ಬಂತೇನೋ, ತಲೆ ಬಗ್ಗಿಸಿ ತಾವೇ ಕಿರೀಟ ತೆಗೆದು ನನ್ನ ಕೈಗಿಟ್ಟರು.

"ನಾ ಕಸ್ಕೋಬೇಕಾಗಿತ್ತು! ನೀವ್ಯಾಕ ಕೊಟ್ರಿ?" ಎಂದು ನಾನು ಚೀರಿದೆ.

"ನಿನಗ ಬೇಕಾಗಿತ್ತಲ್ಲೋ, ಅದಕ್ಕ ಕೊಟ್ಟೇನಿ" ಎಂದರು ಅಪ್ಪ. ನನ್ನ ಸಂಕಟ ಅವರಿಗೆ ತಿಳಿಯಲೇ ಇಲ್ಲ.

ಊಟಕ್ಕೂ ಏಳದೆ ಗೋಡೆಗೆ ಮುಖ ಮಾಡಿ ಕೂತ ನನ್ನ ಪಕ್ಕ ಅಕ್ಕ ಬಂದು ಕೂತಳು. ಅವಳ ಕಣ್ಣೂ ಒದ್ದೆಯಾಗಿತ್ತು. "ಖರೇ ರೈತರಿಗೆ ಯಾರೂ ಹಿಂಗ ತಲಿ ಬಗ್ಗಿಸಿ ಕೊಟ್ಟಿರಲಿಕ್ಕಿಲ್ಲ ನೋಡು. ದಿನಾ ಯಾವ ಕಾಲಿಗೆ ಬಗ್ಗತಿದ್ರೋ, ಅದರ ಮುಂದನ ಅವರು ಎದ್ದು ನಿಂತಿರಬೇಕು" ಎಂದಳು.

ಮೊಮ್ಮಕ್ಕಳೇ, ಈಗ ನವನಗರದ ಈ ಮನೆಯಲ್ಲಿ ನೀವು ನಿಮ್ಮಪ್ಪನೊಡನೆ ಎಲ್ಲಕ್ಕೂ ವಾದ ಹಾಕುತ್ತೀರಿ. ಕಾಲು ತಾಗಿದರೆ 'ಸಾರಿ' ಎಂದು ಹೇಳಿ ವಾದ ಮುಂದುವರಿಸುತ್ತೀರಿ. ನನಗೆ ಸಿಟ್ಟು ಬರುತ್ತದೆ, ಒಳಗೊಳಗೇ ಹೊಟ್ಟೆಕಿಚ್ಚೂ ಆಗುತ್ತದೆ. ನಿಮ್ಮಪ್ಪನೂ ಥೇಟ್ ನನ್ನಪ್ಪನ ಹಾಗೆಯೇ. ನೀವು ಎರಡನೇ ಸಲ ಕೂಗುವುದರೊಳಗೆ ಕೇಳಿದ್ದನ್ನು ಕೈಗಿಡುತ್ತಾನೆ, ನೀವು ಖುಷಿಯಿಂದ ಓಡುತ್ತೀರಿ. ನನಗೋ, ಅಪ್ಪ ಅಷ್ಟು ಪ್ರೀತಿಯಿಂದ ಕೊಟ್ಟ ಆ ಕಿರೀಟ ಇವತ್ತಿಗೂ ನಾನು ಗೆದ್ದದ್ದು ಅನ್ನಿಸಿಲ್ಲ.