ಹುಳಕ್ಕೆ ಬೇಕಾದ ಕಿಟಕಿ

ಸೆಖೆಯಾಗುತ್ತಿದೆಯೇ ಎಂದು ಮನೆಮನೆಗೆ ಹೋಗಿ ಕೇಳುವುದಕ್ಕೂ ಸಂಬಳ ಕೊಡುತ್ತಾರೆ ಎಂದರೆ ನನ್ನ ಅಮ್ಮ ಇವತ್ತಿಗೂ ನಂಬುವುದಿಲ್ಲ. ಮನೆಗಳಲ್ಲಿ ಗಾಳಿ ಹೇಗೆ ಆಡುತ್ತದೆ, ಒಳಗಿರುವವರಿಗೆ ಹಿತವಾಗಿದೆಯೇ ಎಂದು ತಿಳಿಯುವ ಸಂಶೋಧನೆ ಅದು. ಕೋಲಾರದಲ್ಲಿ ರೂಮು ಮಾಡಿಕೊಂಡು ಬೇಸಿಗೆಯಿಡೀ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದು ಬಸ್ಸಿನಲ್ಲಿ ಅಲೆದೆ. ಚೀಲದಲ್ಲಿ ಅಂಗೈಯಗಲದ ಮೀಟರುಗಳು. ಕೋಣೆಯ ಗಾಳಿ ಚೆನ್ನಾಗಿದ್ದರೆ ಹಸಿರು ದೀಪ, ಉಸಿರು ಕಟ್ಟುವಂತಿದ್ದರೆ ಕೆಂಪು. ಮೀಟರಿನಿಂದ ನನಗೆ ಯಾವ ತೊಂದರೆಯೂ ಆಗಲಿಲ್ಲ. ಆದದ್ದೆಲ್ಲ ಮನುಷ್ಯರಿಂದ.

ಒಂದೊಂದು ಮನೆಯಲ್ಲೂ ಕೇಳಬೇಕು: ಈಗ ನಿಮಗೆ ಹೇಗನ್ನಿಸುತ್ತಿದೆ? ತುಂಬಾ ಚಳಿಯಿಂದ ಹಿಡಿದು ತುಂಬಾ ಸೆಖೆಯವರೆಗೆ ಉತ್ತರಗಳನ್ನು ನಮ್ಮ ಮೇಷ್ಟ್ರು ಸಿದ್ಧ ಮಾಡಿ ಕೊಟ್ಟಿದ್ದರು. ನಮ್ಮ ಜನ ಅದ್ಯಾವುದನ್ನೂ ಮುಟ್ಟಲಿಲ್ಲ. ‘ಪರವಾಗಿಲ್ಲ’ ಎಂದು ತಮ್ಮದೇ ಒಂದು ಉತ್ತರ ಸೇರಿಸಿಕೊಂಡರು. ಮಾಲೂರಿನಲ್ಲಿ ತಗಡಿನ ಸೂರಿನ ಕೆಳಗೆ ಬನಿಯನ್ ಹಿಂಡಿಕೊಳ್ಳುತ್ತಿದ್ದ ಯಜಮಾನರು, “ಇದೇನ್ ಸೆಖೆ ಮೇಡಂ? ನಮ್ ಇಟ್ಟಿಗೆ ಗೂಡಿನ ಮುಂದೆ ಒಂದ್ ಗಳಿಗೆ ನಿಂತ್ಕೊಂಡು ಬನ್ನಿ, ಆಮೇಲೆ ಈ ಮನೆ ಊಟಿ ಅನ್ಸುತ್ತೆ” ಎಂದರು. ಮುಳಬಾಗಿಲಿನಲ್ಲಿ ಒಬ್ಬರು ಅಜ್ಜಿ, ಪಾಪ ಮೀಟರಿಗೆ ಧೂಳಾಗುತ್ತದೆಂದು ತಾವೇ ಹೆಣೆದ ಕ್ರೋಷಾ ಬಟ್ಟೆ ಹೊದಿಸಿಟ್ಟಿದ್ದರು. ಅದು ಒಂದು ವಾರ ಆ ಬಟ್ಟೆಯೊಳಗಿನ ಹವಾಮಾನವನ್ನು ಬಹಳ ಶ್ರದ್ಧೆಯಿಂದ ಅಳೆದಿತ್ತು. ಇನ್ನು ನಾನು ಹೊಸ್ತಿಲು ದಾಟಿದರೆ ಸಾಕು, ಮನೆಯ ಒಂದೇ ಫ್ಯಾನು ನನ್ನ ಕಡೆಗೆ ತಿರುಗುತ್ತಿತ್ತು. ಬಂದವರನ್ನು ಸೆಖೆಯಲ್ಲಿ ಕೂರಿಸುವುದುಂಟೇ? ಸೆಖೆ ಅಳೆಯಲೆಂದೇ ಬಂದ ನಾನು ಮಾತ್ರ ತಣ್ಣಗೆ ಕೂತಿರುತ್ತಿದ್ದೆ.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಗೌನಿಪಲ್ಲಿಯ ಹತ್ತಿರದ ಒಂದು ರೇಷ್ಮೆ ಬೆಳೆಯುವವರ ಮನೆಯಲ್ಲಿ ಅದು ತಲೆಗೇರಿತು.

ಆ ಮನೆಯಲ್ಲಿ ಅತ್ತೆ, ಮಗ, ಸೊಸೆ, ಎರಡು ವರ್ಷದ ಮೊಮ್ಮಗಳು. ಮಗ, ಸೊಸೆ, ಮಗು ಮಲಗುವ ಒಳಕೋಣೆಗೆ ಒಂದು ಕಿಟಕಿ ಇತ್ತಂತೆ. ಅದು ತೆರೆಯುತ್ತಿದ್ದದ್ದು ಅತ್ತೆಯ ಓರಗಿತ್ತಿಯ ಅಂಗಳಕ್ಕೆ. ಪಾಲಾಗುವಾಗ ಜಗಳವಾಗಿ ಮಾತು ನಿಂತಿತು. ಆಕೆಯ ಕಣ್ಣು ನಮ್ಮ ಮನೆಯ ಮೇಲೆ ಬೀಳಬಾರದು ಎಂದು ಅತ್ತೆ ಕಿಟಕಿಗೆ ಇಟ್ಟಿಗೆ ಕಟ್ಟಿಸಿಬಿಟ್ಟರು. ಕಣ್ಣಿನ ಜೊತೆ ಗಾಳಿಯೂ ನಿಂತಿತು. ಬೆಳಗಾದರೆ ಸೊಸೆಗೆ ತಲೆನೋವು. ಮಗುವಿನ ಮೈಯೆಲ್ಲ ಬೆವರುಸಾಲೆ, ರಾತ್ರಿಯಿಡೀ ಎದ್ದೆದ್ದು ಅಳು. ನಾನಿಟ್ಟ ಮೀಟರು ಬೆಳಗಿನ ಹೊತ್ತಿಗೆ ಕೆಂಡದ ಹಾಗೆ ಕೆಂಪಾಗಿರುತ್ತಿತ್ತು.

“ಈಗ ಹೇಗನ್ಸುತ್ತಮ್ಮಾ?” ಎಂದು ಸೊಸೆಯನ್ನು ಕೇಳಿದೆ. ಆಕೆ ಒಮ್ಮೆ ಅತ್ತೆಯ ಮುಖ ನೋಡಿ, ಸೆರಗಿನಿಂದ ಕತ್ತು ಒರೆಸಿಕೊಂಡು, “ಪರವಾಗಿಲ್ಲ ಮೇಡಂ” ಎಂದಳು.

ನನಗೆ ತಡೆಯಲಿಲ್ಲ. “ಕಿಟಕಿ ತೆಗೆಸಿ ಅಮ್ಮ, ಮಗು ಒದ್ದಾಡ್ತಿದೆ” ಎಂದು ಅತ್ತೆಗೆ ನೇರವಾಗಿ ಹೇಳಿದೆ.

“ಏಂ ಕಾದು ಬಿಡಮ್ಮ” ಎಂದರು ಅವರು, ಏನೂ ಆಗಲ್ಲ ಬಿಡು ಎಂದು. ಆ ಕಡೆ ಅರ್ಧ ಮಾತು ತೆಲುಗೇ. “ನಾನು ನಾಕ್ ಮಕ್ಕಳನ್ನ ಅದೇ ಕೋಣೇಲಿ ಹೆತ್ತೆ. ನಿನ್ ಮಿಷನ್ನಿಗೆ ನಮ್ ಮನೆ ಅಭ್ಯಾಸ ಇಲ್ಲ ಅಷ್ಟೆ.”

ನಾಲ್ವರನ್ನು ಹೆರುವಾಗ ಆ ಕಿಟಕಿ ತೆರೆದೇ ಇತ್ತಲ್ಲ ಎಂದು ನಾಲಿಗೆಯ ತುದಿಗೆ ಬಂದಿತ್ತು. ಸೊಸೆ ಕಣ್ಣಲ್ಲೇ ಬೇಡವೆಂದಳು. 

ಹಿತ್ತಲಿನಲ್ಲಿ ಹುಳು ಸಾಕುವ ಮನೆ ನೋಡಿದಾಗಂತೂ ಹೊಟ್ಟೆ ಉರಿಯಿತು. ನಾಲ್ಕೂ ಕಡೆ ಕಿಟಕಿ, ಕಿಟಕಿಗಳಿಗೆ ನೊಣದ ಬಲೆ, ಮೇಲೆ ತೆಂಗಿನ ಗರಿ, ತಂಪಿಗೆ ಒದ್ದೆ ಗೋಣಿತಾಟು. ಅತ್ತೆ ಹೊತ್ತುಹೊತ್ತಿಗೆ ಬಂದು ನೋಡಿಕೊಂಡು ಹೋಗುತ್ತಿದ್ದರು. ಸುಮ್ಮನೆ ಅಲ್ಲಿ ಮೀಟರು ಹಿಡಿದೆ. ಹಚ್ಚ ಹಸಿರು. ಅತ್ತೆ ಬಗ್ಗಿ ನೋಡಿ, “ಈಗ ಸರಿಯಾಗಿ ತೋರಿಸ್ತಾ ಐತೆ” ಎಂದು ಮೀಟರನ್ನು ಮೊದಲ ಸಲ ಮೆಚ್ಚಿಕೊಂಡರು. ಅಂದಿನಿಂದ ಅದಕ್ಕೆ ಆ ಮನೆಯಲ್ಲಿ ಮರ್ಯಾದೆ ಬಂತು. ಮತ್ತೆ ಒಳಕೋಣೆಯಲ್ಲೇ ಇಟ್ಟು ಬಂದ ಅದಕ್ಕೆ ದಿನಾ ಬೆಳಿಗ್ಗೆ ಒಂದು ಬೊಟ್ಟು ಕುಂಕುಮ ಕೂಡ.

ಮುಂದಿನ ಸಲ ಹೋದಾಗ ಮನೆಯಲ್ಲಿ ಗದ್ದಲವೋ ಗದ್ದಲ. ಹುಳು ಕೊನೆಯ ಜ್ವರ ಎದ್ದಿತ್ತು. ಹುಳು ಪೊರೆ ಬಿಡುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ. ಅದಾದ ಮೇಲೆ ಹುಳು ರಾಕ್ಷಸನ ಹಾಗೆ ತಿಂದು ಬೆಳೆಯುತ್ತದೆ, ಜಾಗ ಹೆಚ್ಚು ಬೇಕು. ಹಿತ್ತಲಿನಲ್ಲಿ ಜಾಗ ಸಾಲಲಿಲ್ಲವೆಂದು ಸೊಸೆ ಹುಳದ ಕೆಲವು ತಟ್ಟೆಗಳನ್ನು ಒಳಕೋಣೆಗೆ ತಂದಿಟ್ಟಿದ್ದಳು. ಮನುಷ್ಯರು ನಡುಮನೆಗೆ ವರ್ಗವಾಗಿದ್ದರು. ನೊಣ ಬರಬಾರದೆಂದು ಕೋಣೆಯ ಬಾಗಿಲು ಮುಚ್ಚಿದ್ದರು.

ಅತ್ತೆ ನನ್ನ ಕೈಹಿಡಿದು ಒಳಗೆ ಎಳೆದುಕೊಂಡು ಹೋದರು. “ನೋಡಮ್ಮ, ಕೆಂಪು! ಹುಳಕ್ಕೆ ಉಸಿರು ಕಟ್ತಾ ಐತೆ! ಸಪ್ಪೆ ರೋಗ ಬಂದ್ರೆ ಬೆಳೆ ಎಲ್ಲಾ ಹೋಯ್ತು!”

“ಮಿಷನ್ನಿಗೆ ಅಭ್ಯಾಸ ಇಲ್ಲ ಅಂದಿದ್ರಲ್ಲ?” ಎಂದೆ. ಅವರಿಗೆ ಅದು ಕೇಳಿಸಲೇ ಇಲ್ಲ.

“ಲೇ, ಹಾರೆ ತಗೊಂಡ್ ಬಾರೋ!” ಎಂದು ಮಗನನ್ನು ಕೂಗಿದರು. ಮದುವೆಯಾಗಿ ಬಂದಂದಿನಿಂದ ಸೊಸೆ ನೋಡದಿದ್ದ ಬೆಳಕು ಕಾಫಿ ಆರುವಷ್ಟರಲ್ಲಿ ಒಳಗೆ ಬಂತು. ಧೂಳು ಇಳಿದಾಗ ಆಚೆ ಅಂಗಳದಲ್ಲಿ ಓರಗಿತ್ತಿ ಪೊರಕೆ ಹಿಡಿದು ಬಾಯಿ ತೆರೆದು ನಿಂತಿದ್ದರು.

“ಏನಕ್ಕಾ ಇದು?”

“ಹುಳಕ್ಕೆ ಗಾಳಿ ಬೇಕಂತೆ ಕಣೇ” ಎಂದರು ಅತ್ತೆ. ವರ್ಷಗಳ ಮೌನ ಅಷ್ಟಕ್ಕೇ ಮುರಿಯಿತು. ಓರಗಿತ್ತಿಯೇ ಒಳಗಿನಿಂದ ಒಂದು ಹಳೆಯ ಬಲೆ ತಂದು ಕಿಟಕಿಗೆ ಕಟ್ಟಲು ಕೊಟ್ಟರು.

ರೇಷ್ಮೆ ಗೂಡು ಮಾರಾಟವಾದ ಮೇಲೆ ಮೀಟರು ತರಲು ಹೋದೆ. ಕಿಟಕಿಯ ಕೆಳಗೆ ಅವೇ ಇಟ್ಟಿಗೆಗಳನ್ನು ನೀಟಾಗಿ ಪೇರಿಸಿಟ್ಟಿದ್ದರು. ಗಾರೆಯವನಿಗೆ ಹೇಳಿ ಕಳಿಸಿಯೂ ಆಗಿತ್ತು. ಹುಳು ಗೂಡು ಕಟ್ಟಿ ಹೋಯಿತು, ಇನ್ನು ಆ ಕೋಣೆಯಲ್ಲಿ ಮಲಗುವುದು ಬರೀ ಮನುಷ್ಯರು ತಾನೆ!

ನಾನು ಬಾಯಿ ತೆರೆಯುವ ಮೊದಲೇ ಸೊಸೆ ಕಾಫಿ ಲೋಟ ಮುಂದಿಡುತ್ತಾ, “ಅತ್ತೆ, ಒಳಕೋಣೆ ಹುಳದ ಗೂಡು ಎಷ್ಟು ಗಟ್ಟಿ ಬಂತು ನೋಡಿದ್ರಾ? ಮುಂದಿನ ಬೆಳೆಗೂ ಅಲ್ಲೇ ಇಡೋಣ” ಎಂದಳು.

ಅತ್ತೆ ಇಟ್ಟಿಗೆಗಳನ್ನು ನೋಡಿದರು, ಕಿಟಕಿಯನ್ನು ನೋಡಿದರು. “ಹಂಗಾದ್ರೆ ಇರ್ಲಿ ಬಿಡು” ಎಂದರು.

ಬಸ್ ನಿಲ್ದಾಣದವರೆಗೆ ಸೊಸೆ ಮಗುವನ್ನು ಎತ್ತಿಕೊಂಡು ಬಂದಳು. ನನಗೊಂದು ಅನುಮಾನ ಕಾಡುತ್ತಿತ್ತು. ಹಿತ್ತಲಿನ ಆ ದೊಡ್ಡ ಮನೆಯಲ್ಲಿ ಹುಳಕ್ಕೆ ನಿಜವಾಗಿಯೂ ಜಾಗ ಸಾಲಲಿಲ್ಲವೇ ಎಂದು ಕೇಳಿಯೇಬಿಟ್ಟೆ.

“ಬೇಕಾದಷ್ಟಿತ್ತು ಮೇಡಂ” ಎಂದಳು. “ಈ ಸಲ ನಾನೇ ಸ್ವಲ್ಪ ಅಗಲಕ್ಕೆ ಹರಡ್ಬಿಟ್ಟೆ.”

ನಗು ತಡೆಯಲಾಗಲಿಲ್ಲ. ಜೊತೆಗೆ ಸಂಕಟವೂ ಆಯಿತು. “ಮಗೂಗೆ ಸೆಖೆ ಆಗ್ತಿದೆ, ಕಿಟಕಿ ತೆಗೀರಿ ಅಂತ ಒಂದ್ಸಲ ಬಾಯ್ಬಿಟ್ಟು ಕೇಳ್ಬಾರ್ದಿತ್ತೇನಮ್ಮ?” ಎಂದೆ.

ಆಕೆ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು.

“ಕೇಳಿದ್ದೆ ಮೇಡಂ. ಇವಳು ಹುಟ್ಟಿದಾಗಿಂದ್ಲೂ ಕೇಳ್ತಾನೇ ಇದ್ದೆ.”